ಓದಿದ್ದೇನೆ, ಅರ್ಥವಾಗಿದೆ

ಎರಡನೇ ಶನಿವಾರ ಬೆಳಿಗ್ಗೆ ಉರ್ವದ ಆ ಸಣ್ಣ ಕಣ್ಣಿನ ಆಸ್ಪತ್ರೆಯಲ್ಲಿ ಕುಳಿತುಕೊಳ್ಳಲು ಕುರ್ಚಿ ಸಿಗುವುದಿಲ್ಲ. ತಿಂಗಳಿಗೊಮ್ಮೆ ಹೊರಗಿನಿಂದ ಬರುವ ಸರ್ಜನ್ ಪೊರೆ ತೆಗೆಯುವ ದಿನ ಅದು. ಕೆಲವರು ಗೋಡೆಗೆ ಒರಗಿದ್ದರು, ಕೆಲವರು ಮೆಟ್ಟಿಲ ಮೇಲೆ ಕೂತಿದ್ದರು. ನರ್ಸ್ ಶರೊನ್ ಒಂದೊಂದೇ ಹೆಸರು ಕರೆಯುತ್ತಿದ್ದಳು.

"ಡಾಲಿ ಡಿಕುನ್ಹಾ. ಹನಿಮದ್ದು ಬುಧವಾರದಿಂದ ಹಾಕಿದ್ದೀರಲ್ಲ, ಬಾಯಿ?"

ಶಕ್ತಿನಗರದಲ್ಲಿ ಹೊಲಿಗೆ ಕೆಲಸ ಮಾಡುವ, ಅರವತ್ತೆರಡು ದಾಟಿದ ಡಾಲಿ ಬಾಯಿ ಬಟ್ಟೆಚೀಲದಿಂದ ಬಾಟ್ಲಿಯನ್ನು ಜೋಪಾನವಾಗಿ ಹೊರತೆಗೆದರು. ಮುಚ್ಚಳದ ಸೀಲ್ ಹಾಗೇ ಇತ್ತು.

"ಇದು ಆಪರೇಷನ್ ಆದ ಮೇಲೆ ಹಾಕ್ಲಿಕ್ಕೆ ಅಲ್ವಾ?"

ಶರೊನಳ ಮುಖ ಸಪ್ಪೆಯಾಯಿತು. ಅಷ್ಟರಲ್ಲಿ ಮ್ಯಾನೇಜರ್ ತಾರಾನಾಥ ಹತ್ತಿರ ಬಂದರು. "ಬಾಯಮ್ಮ, ನಿಮ್ಮ ಮೊಬೈಲಿಗೆ ಲಿಂಕ್ ಕಳ್ಸಿದ್ದೇವಲ್ಲ. ಮೂರು ದಿನ ಮೊದ್ಲೇ ಹಾಕ್ಬೇಕು ಅಂತ ಅದ್ರಲ್ಲಿ ಉಂಟು. ನೋಡಿ ಇಲ್ಲಿ, 'ಓದಿದ್ದೇನೆ, ಅರ್ಥವಾಗಿದೆ' ಅಂತ ನೀವೇ ಒತ್ತಿದ್ದೀರಿ."

"ಒತ್ತಿದ್ದೇನೆ ಸರ್. ಆ ದಿನ ಕನ್ನಡಕ ಎಲ್ಲೋ ಇಟ್ಟು ಮರ್ತುಹೋಗಿತ್ತು."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಕನ್ನಡಕ ದಾರದಲ್ಲಿ ಅವರ ಕುತ್ತಿಗೆಯಲ್ಲೇ ನೇತಾಡುತ್ತಿತ್ತು.

ಸರ್ಜನ್ ಒಳಗಿನಿಂದಲೇ ಹೇಳಿ ಕಳಿಸಿದರು: ಹನಿ ಹಾಕದ ಕಣ್ಣಿಗೆ ಕೈ ಹಾಕುವುದಿಲ್ಲ, ಸೋಂಕಾದರೆ ಇರುವ ದೃಷ್ಟಿಯೂ ಹೋದೀತು, ಮುಂದಿನ ತಿಂಗಳು ಬರಲಿ.

"ಮುಂದಿನ ತಿಂಗಳಾ?" ಡಾಲಿ ಬಾಯಿಯ ಧ್ವನಿ ಸಣ್ಣಗಾಯಿತು. "ಮೇ ಅಂದ್ರೆ ನಂಗೆ ಯೂನಿಫಾರ್ಮ್ ಹೊಲಿಗೆ ಸರ್. ಶಾಲೆ ಸುರುವಾಗುವ ಮೊದ್ಲು ಕೊಡ್ಬೇಕು. ಈಗ ಸೂಜಿಗೆ ದಾರ ಹಾಕ್ಲಿಕ್ಕೂ ಪಕ್ಕದ ಮನೆಯವರನ್ನು ಕರೀತೇನೆ."

"ನಮ್ಮ ಕೈಯಲ್ಲಿ ಎಂತ ಉಂಟು ಹೇಳಿ?" ಎಂದರು ತಾರಾನಾಥ. ಗದರಿಸಲಿಲ್ಲ, ಕರಗಲೂ ಇಲ್ಲ. ಡಾಲಿ ಬಾಯಿಯನ್ನು ಕರೆದುಕೊಂಡು ಹೋಗಲು ಅವರ ಅಕ್ಕನ ಮಗಳು ಎಸ್ತೆರ್ ಮಧ್ಯಾಹ್ನ ಬರುವವಳಿದ್ದಳು. ಅಲ್ಲಿಯವರೆಗೆ ಅವರು ನೀರಿನ ಫಿಲ್ಟರಿನ ಪಕ್ಕದ ಮೂಲೆಯಲ್ಲಿ, ಯಾರ ಕಣ್ಣಿಗೂ ಬೀಳದ ಹಾಗೆ ಕೂತರು.

ರಿಸೆಪ್ಷನ್ ಕಂಪ್ಯೂಟರಿನ ಹಿಂದಿನಿಂದ ಇದನ್ನೆಲ್ಲ ನೋಡುತ್ತಿದ್ದವನು ಪೃಥ್ವಿರಾಜ್. ವಾಮಂಜೂರಿನ ಶೆಟ್ಟರ ಮನೆಯ ಹುಡುಗ, ಇಪ್ಪತ್ತೇಳು ವರ್ಷ. ಆಸ್ಪತ್ರೆಯ ವೆಬ್‌ಸೈಟ್ ಅವನ ಕೈಕೆಲಸ. ಅದರ ಬೇಕುಬೇಡ ನೋಡಲು ಎರಡನೇ ಶನಿವಾರ ತಪ್ಪದೆ ಬರುತ್ತಿದ್ದ. ಕಣ್ಣಿನ ಆಸ್ಪತ್ರೆಗೆ ಒಪ್ಪುವಂತೆ ಸೈಟು ಕಣ್ಣಿಗೆ ಬಹಳ ತಂಪಾಗಿತ್ತು. ತಿಳಿನೀಲಿ, ಬಿಳಿ, ಬೂದು. ಓದಲಿಕ್ಕಾಗುತ್ತದೆಯೇ ಎಂದು ಮಾತ್ರ ಯಾರೂ ಕೇಳಿರಲಿಲ್ಲ. ಅವನಿಗೆ ಇನ್ನೊಂದು ವಿದ್ಯೆಯೂ ಇತ್ತು, ಮಿಮಿಕ್ರಿ. ಯಾರ ದನಿಯನ್ನಾದರೂ ಒಮ್ಮೆ ಕೇಳಿದರೆ ಸಾಕು, ಹತ್ತು ನಿಮಿಷದಲ್ಲಿ ಆ ದನಿ ಅವನ ಬಾಯಲ್ಲಿ ಬಾಡಿಗೆಗೆ ಬರುತ್ತಿತ್ತು.

ಹನ್ನೊಂದು ಗಂಟೆಗೆ ಹಿಂದಿನ ಚಹಾದ ಕೋಣೆಯಲ್ಲಿ ಆಪರೇಷನ್ ಥಿಯೇಟರಿನ ಅಟೆಂಡರ್ ಮೋಕ್ಷಿತ್ ಕೇಳಿದ, "ಇವತ್ತಿನ ಐಟಮ್ ಎಂತ ಮಾರಾಯ?"

ಪೃಥ್ವಿರಾಜ್ ಬೆನ್ನು ಬಗ್ಗಿಸಿದ, ಕುತ್ತಿಗೆ ಓರೆ ಮಾಡಿದ. "ಒತ್ತಿದ್ದೇನೆ ಸರ್... ಕನ್ನಡಕ ಎಲ್ಲೋ ಇಟ್ಟು ಮರ್ತುಹೋಗಿತ್ತು..." ಕೊನೆಯ ಅಕ್ಷರವನ್ನು ಎಳೆಯುವ ಆ ಧಾಟಿ ಸಹ ಚಾಚೂ ತಪ್ಪಿರಲಿಲ್ಲ. ಮೋಕ್ಷಿತ್ ಚಹಾ ಚೆಲ್ಲುವಷ್ಟು ನಕ್ಕ. ಫಾರ್ಮಸಿಯ ನಿಝಾರ್ ಮೇಜು ಬಡಿದ.

ನಗು ಥಟ್ಟನೆ ನಿಂತಿತು. ಬಾಗಿಲಲ್ಲಿ ಶರೊನ್ ನಿಂತಿದ್ದಳು. ಅವಳ ಹಿಂದೆ, ಮಾತ್ರೆ ನುಂಗಲು ಬಿಸಿನೀರಿಗೆಂದು ಬಂದ ಡಾಲಿ ಬಾಯಿ.

ಡಾಲಿ ಬಾಯಿ ಸಿಟ್ಟಾಗಲಿಲ್ಲ. ನಕ್ಕರು. "ಬರೋಬ್ಬರಿ ನನ್ನ ಹಾಗೇ ಉಂಟು ಪುತಾ. ಒಂದು ಮಾತ್ರ ಬಿಟ್ಟುಹೋಯ್ತು. ಹಾಗೆ ಹೇಳುವಾಗ ನನ್ನ ಕೈ ಕನ್ನಡಕದ ಮೇಲೆ ಹೋಗ್ತದೆ, ಅಡಗಿಸ್ಲಿಕ್ಕೆ. ನೀನು ಕೈ ಸುಮ್ಮನೆ ಕೆಳಗೆ ಬಿಟ್ಟಿ."

ಲೋಟಕ್ಕೆ ನೀರು ತುಂಬಿಸಿಕೊಂಡು ಹೋದರು. ಪೃಥ್ವಿರಾಜನಿಗೆ ಬೆನ್ನು ನೆಟ್ಟಗೆ ಮಾಡಲು ಸ್ವಲ್ಪ ಹೊತ್ತು ಬೇಕಾಯಿತು.

ಕಾರಿಡಾರಿನಲ್ಲಿ ಶರೊನ್ ಅವನನ್ನು ತಡೆದಳು. "ಅವರಿಗೆ ಇಂಗ್ಲಿಷಿನ ಪುಟ ಯಾಕೆ ಹೋಯ್ತು?"

"ಡಿಕುನ್ಹಾ ಅಲ್ವಾ?"

"ಆದ್ರೆ ಎಂತ?"

"ನಿಮ್ಮವರಿಗೆಲ್ಲ ಇಂಗ್ಲಿಷೇ ಸುಲಭ ಅಲ್ವಾ ಮಾರಾಯ್ತಿ."

"ನಮ್ಮವರು!" ಶರೊನ್ ಸ್ವರ ತಗ್ಗಿಸಿದಳು. ಅದು ಕೂಗುವುದಕ್ಕಿಂತ ಜೋರಾಗಿ ಕೇಳಿಸಿತು. "ಡಾಲಿ ಬಾಯಿ ಕನ್ನಡ ಮೀಡಿಯಂ, ಏಳನೇ ಕ್ಲಾಸು. ಅವರ ಪ್ರಾರ್ಥನೆ ಪುಸ್ತಕ, ಮನೆಗೆ ಬರುವ ಕೊಂಕಣಿ ಪತ್ರಿಕೆ ಎಲ್ಲ ಕನ್ನಡ ಅಕ್ಷರದಲ್ಲೇ ಇರುದು. ನಮ್ಮ ಚರ್ಚಿನ ವಾಡ್ಯದಲ್ಲಿ ಯಾರ ಮನೇಲಿ ಪ್ರಾರ್ಥನೆ ಇದ್ರೂ ಎದ್ದು ನಿಂತು ಓದುವವರು ಅವರು. ನಮ್ಮ ಹೆಸರು ನೋಡಿ ನಮ್ಮ ಓದು ನಿಂಗೆ ಗೊತ್ತಾಗ್ತದಾ?"

ಉತ್ತರ ಅವನದೇ ಸೈಟಿನೊಳಗೆ ಇತ್ತು. ಮೊದಲು ಸೈಟು ತೆರೆದ ಕೂಡಲೇ 'ನಿಮ್ಮ ಭಾಷೆ ಆರಿಸಿ' ಎಂಬ ಪುಟ ಬರುತ್ತಿತ್ತು. ಬಸ್‌ಸ್ಟ್ಯಾಂಡಿನ ಬೋರ್ಡಿನ ಹಾಗೆ ಕಾಣುತ್ತದೆ ಎಂದು ತಾರಾನಾಥರು ಗೊಣಗಿದ್ದರು. ಪುಟ ತೆಗೆದುಬಿಡಿ ಎಂದದ್ದು ಅವರು. ಆದರೆ ಅದರ ಬದಲಿಗೆ ಹೂಡಿದ ಜಾಣತನ ಪೂರ್ತಿ ಪೃಥ್ವಿರಾಜನದು: ರೋಗಿಯ ಹೆಸರು ನೋಡಿ ಸೈಟೇ ಭಾಷೆ ನಿರ್ಧರಿಸುವುದು. ಡಿಸೋಜ, ಪಿಂಟೊ, ಡಿಕುನ್ಹಾ ಬಂದರೆ ಇಂಗ್ಲಿಷ್, ಉಳಿದವರಿಗೆ ಕನ್ನಡ. ಆ ಪಟ್ಟಿಯನ್ನು ಅವನು ಯಾರನ್ನೂ ಕೇಳದೆ, ಒಂದು ಚಹಾ ಮುಗಿಯುವುದರೊಳಗೆ ಬರೆದಿದ್ದ. ಬೇರೆ ಭಾಷೆ ಬೇಕಾದವರಿಗೆ ಪುಟದ ಅಡಿಯಲ್ಲಿ ಬೂದು ಬಣ್ಣದ ಒಂದು ಭೂಗೋಳದ ಚಿತ್ರ ಇಟ್ಟಿದ್ದ, ಎಳ್ಳಿನಷ್ಟು. ಪೊರೆ ಬಂದ ಕಣ್ಣುಗಳು ಅದನ್ನು ಹುಡುಕಬೇಕಿತ್ತು.

ಕಂಪ್ಯೂಟರಿನ ಮುಂದೆ ಕೂತು ಡಾಲಿ ಬಾಯಿಯ ಲಿಂಕಿನ ದಾಖಲೆ ತೆರೆದ. ಯಾರು ಪುಟವನ್ನು ಯಾವಾಗ ತೆರೆದರು, ಎಷ್ಟು ಹೊತ್ತು ಇದ್ದರು, ಎಲ್ಲಿ ಬೆರಳಿಟ್ಟರು ಎಂಬುದೆಲ್ಲ ಅಲ್ಲಿರುತ್ತದೆ. ಹೆಚ್ಚಿನವರು ನಾಲ್ಕೈದು ಸೆಕೆಂಡಿನಲ್ಲಿ 'ಓದಿದ್ದೇನೆ' ಎಂದು ಒತ್ತಿ ಹೋಗಿದ್ದರು. ಡಾಲಿ ಬಾಯಿ ಐದು ಸಲ ತೆರೆದಿದ್ದರು. ಸೋಮವಾರ ಹನ್ನೆರಡು ನಿಮಿಷ. ಮಂಗಳವಾರ ಎರಡು ಸಲ. ಬುಧವಾರ ನಲವತ್ತೊಂದು ನಿಮಿಷ. ಆಸ್ಪತ್ರೆಯ ಹೆಸರಿನ ಮೇಲೆ, ವೈದ್ಯರ ಫೋಟೋದ ಮೇಲೆ, ಖಾಲಿ ಜಾಗದ ಮೇಲೆ ಸಹ ಬೆರಳಿಟ್ಟು ನೋಡಿದ್ದರು. ಎಲ್ಲಿಯಾದರೂ ಒತ್ತಿದರೆ ಗೊತ್ತಿರುವ ಅಕ್ಷರ ಬಂದೀತೆಂದು. ಗುರುವಾರ ಸಂಜೆ, ಒಂದೇ ನಿಮಿಷ. 'ಓದಿದ್ದೇನೆ, ಅರ್ಥವಾಗಿದೆ.'

ಪೃಥ್ವಿರಾಜ್ ಪರದೆಯನ್ನು ಆರಿಸಿದ. ಕಪ್ಪು ಗಾಜಿನಲ್ಲಿ ತನ್ನದೇ ಮುಖ ಕಂಡು ಮತ್ತೆ ಹಚ್ಚಿದ.

ಅಷ್ಟರಲ್ಲಿ ಆಸ್ಪತ್ರೆಯ ವಾಟ್ಸಾಪ್ ಗುಂಪಿನಲ್ಲಿ ತಾರಾನಾಥರ ಸಂದೇಶ ಬಂತು. ಅವರ ಸಂದೇಶ ಬಂದ ಕೂಡಲೇ ಹೆಬ್ಬೆರಳಿನ ಚಿತ್ರ ಹಾಕುವುದು ಎಲ್ಲರ ಪದ್ಧತಿ. ಅವನೂ ಹಾಕಿದ. ಆಮೇಲೆ ಓದಿದ. 'ಇಂದಿನ ಶಸ್ತ್ರಚಿಕಿತ್ಸೆ ತಪ್ಪಿದ್ದಕ್ಕೆ ಸಿಸ್ಟರ್ ಶರೊನ್ ಜವಾಬ್ದಾರರು. ರೋಗಿಗೆ ಫೋನ್ ಮಾಡಿ ಖಚಿತಪಡಿಸಬೇಕಿತ್ತು. ಸೋಮವಾರ ಲಿಖಿತ ವಿವರಣೆ ಕೊಡಬೇಕು.' ಓದಲು ಬಾರದವರು ಹೆಬ್ಬೆಟ್ಟು ಒತ್ತುತ್ತಾರೆ ಎನ್ನುತ್ತಾರೆ. ಆ ದಿನ ಒತ್ತಿದವನು ಪದವೀಧರ. ತೆಗೆಯೋಣವೆಂದರೆ ಶರೊನ್ ಅದನ್ನು ನೋಡಿಯಾಗಿತ್ತು.

ಭಾನುವಾರವಿಡೀ ಮನೆಯಲ್ಲಿ ಅವನು ಯಾರ ದನಿಯನ್ನೂ ಮಾಡಲಿಲ್ಲ. ಅಮ್ಮ ಸ್ವರ್ಣಲತಾ ಹಣೆ ಮುಟ್ಟಿ ನೋಡಿ, ಜ್ವರವಿಲ್ಲವೆಂದು ಖಾತ್ರಿ ಮಾಡಿಕೊಂಡರು.

ಸೋಮವಾರ ಕರೆಯದೆಯೇ ತಾರಾನಾಥರ ಕೋಣೆಗೆ ಹೋದ. ಶರೊನ್ ಕಾಗದ ಹಿಡಿದು ನಿಂತಿದ್ದಳು.

"ಸರ್, ಅದು ಶರೊನ್ ತಪ್ಪಲ್ಲ. ಹೆಸರು ನೋಡಿ ಭಾಷೆ ಕೊಡುವ ಹಾಗೆ ಮಾಡಿದ್ದು ನಾನು. ಬಾಯಮ್ಮನಿಗೆ ಇಂಗ್ಲಿಷ್ ಓದ್ಲಿಕ್ಕೆ ಬರುದಿಲ್ಲ."

"ಬರುದಿಲ್ಲದಿದ್ರೆ ಹೇಳ್ಬೇಕಲ್ಲ ಮಾರಾಯ. ಈಗ ಯಾರ ಮನೇಲಿ ಓದುವ ಮಕ್ಕಳಿಲ್ಲ? ಫೋನೇ ತರ್ಜುಮೆ ಮಾಡ್ತದೆ. ನಾವು ಎಷ್ಟು ಭಾಷೆ ಅಂತ ಹಾಕುದು? ತುಳು ಹಾಕಿದ್ರೆ ಕೊಂಕಣಿ ಬೇಕು, ಕೊಂಕಣಿ ಹಾಕಿದ್ರೆ ಬ್ಯಾರಿ ಬೇಕು. ಒಂದು ಪದ ತಪ್ಪಿದ್ರೆ ಜವಾಬ್ದಾರಿ ಯಾರದ್ದು?"

ಅದು ಸುಳ್ಳು ಮಾತಾಗಿರಲಿಲ್ಲ. ಪೃಥ್ವಿರಾಜ್ ದಾಖಲೆಯ ಹಾಳೆಯನ್ನು ಮೇಜಿನ ಮೇಲಿಟ್ಟ. "ನಲವತ್ತೊಂದು ನಿಮಿಷ ಸರ್. ಅವರು ಹೇಳಿದ್ದಾರೆ. ಕೇಳಿಸಿಕೊಳ್ಳುವ ಜಾಗವನ್ನು ನಾನು ಇಟ್ಟಿರ್ಲಿಲ್ಲ."

ತಾರಾನಾಥ ಹಾಳೆಯ ಮೇಲೆ ಬೆರಳು ಓಡಿಸಿ, ಬುಧವಾರದ ಸಾಲಿನಲ್ಲಿ ನಿಲ್ಲಿಸಿದರು. ಶರೊನಳ ಕೈಯ ಕಾಗದವನ್ನು ತೆಗೆದು ಡ್ರಾಯರಿಗೆ ಹಾಕಿದರು. "ಬೇಕಾದ ಭಾಷೆ ಹಾಕಿ. ಆದ್ರೆ ಡಾಕ್ಟ್ರು ಪ್ರತಿ ಪುಟ ಓದಿ ಸಹಿ ಹಾಕ್ಬೇಕು. ಅದಿಲ್ಲದೆ ಸೈಟಿಗೆ ಹೋಗ್ಲಿಕ್ಕಿಲ್ಲ. ಹೋಗಿ." ಹೊರಗೆ ಬಂದ ಮೇಲೆ ಶರೊನ್ ಧನ್ಯವಾದ ಹೇಳಲಿಲ್ಲ. "ನನ್ನ ಹತ್ರ ಹೇಳಿದ್ದು ಸಾಲದು. ಶಕ್ತಿನಗರಕ್ಕೆ ಹೋಗು," ಎಂದಳು.

ಡಾಲಿ ಬಾಯಿಯ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ, ಅದರ ಮೇಲೆ ಮುಚ್ಚಿದ ಬೆಡ್‌ಶೀಟ್. ಪೃಥ್ವಿರಾಜ್ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಕ್ಷಮೆಯ ಮಾತು ಎರಡೇ ಪದಕ್ಕೆ ಮುಗಿದುಹೋಯಿತು.

"ನೀನು ನನ್ನ ಹಾಗೆ ಮಾತಾಡಿದ್ದು ಬೇಜಾರಿಲ್ಲ," ಎಂದರು ಡಾಲಿ ಬಾಯಿ. "ಬೇಜಾರು ಎಂತ ಗೊತ್ತುಂಟಾ? ಆ ಪುಟದಲ್ಲಿ 'ಅರ್ಥ ಆಗ್ಲಿಲ್ಲ' ಅಂತ ಒತ್ಲಿಕ್ಕೆ ಎಲ್ಲಿಯೂ ಇರ್ಲಿಲ್ಲ. ಒತ್ತದಿದ್ರೆ ಹೆಸರು ತೆಗೀತಾರೆ ಅಂತ ಹೆದರಿದೆ."

"ಎಸ್ತೆರ್ ಹತ್ರ ಕೇಳ್ಬಹುದಿತ್ತಲ್ಲ ಬಾಯಮ್ಮ?"

ಅವರು ಬೆಡ್‌ಶೀಟಿನ ಅಂಚನ್ನು ಮಡಿಸಿದರು, ಬಿಡಿಸಿದರು. "ನಂಗೆ ಇಂಗ್ಲಿಷ್ ಬರುದಿಲ್ಲ ಅಂತ ಅವಳಿಗೂ ಗೊತ್ತಿಲ್ಲ. ಎಲ್ಲರ ಎದುರು ಇಂಗ್ಲಿಷ್ ಪೇಪರ್ ಹಿಡಿದು ಕೂತವಳು ನಾನು. ನಿಮ್ಮಲ್ಲಿ ಬರದಿದ್ರೆ ಬರುದಿಲ್ಲ, ಅಷ್ಟೆ. ನಮ್ಮಲ್ಲಿ ಬರುದಿಲ್ಲ ಅಂದ್ರೆ ಎಂತದ್ದೋ ಕಮ್ಮಿ ಆದ ಹಾಗೆ ನೋಡ್ತಾರೆ. ಮೊನ್ನೆ ನೀವೆಲ್ಲ ನಗುವಾಗ, ಗೊತ್ತಾಗಿಬಿಟ್ಟಿತಲ್ಲ ಅಂತ ನೆಲ ನೋಡಿದೆ." ಮುಚ್ಚಿದ ಯಂತ್ರದ ಮೇಲೆ ಕೈಯಾಡಿಸಿ ಹೇಳಿದರು, "ಯೂನಿಫಾರ್ಮಿನ ಬಟ್ಟೆ ಬೇರೆ ಟೈಲರಿಗೆ ಹೋಯ್ತು ನಿನ್ನೆ. ಹದಿನೆಂಟು ವರ್ಷದಿಂದ ನಾನೇ ಹೊಲೀತಿದ್ದೆ."

ಇದಕ್ಕೆ ಅವನ ಬಳಿ ಕೊಡಲು ಏನೂ ಇರಲಿಲ್ಲ. ಇಲ್ಲ ಎನ್ನುವುದನ್ನು ಮುಚ್ಚಿಕೊಳ್ಳಲೂ ಹೋಗಲಿಲ್ಲ. ಬ್ಯಾಗಿನಿಂದ ಸೂಚನೆಗಳ ಕನ್ನಡ ಹಾಳೆ ತೆಗೆದ. "ಇದನ್ನು ಕೊಂಕಣಿಯಲ್ಲಿ ಬರೆದುಕೊಡ್ತೀರಾ? ನನಗೆ ಬರುದಿಲ್ಲ."

ಡಾಲಿ ಬಾಯಿ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೂಗಿನ ಹತ್ತಿರ ತಂದು, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಗಟ್ಟಿಯಾಗಿ ಓದಿದರು. ಎಲ್ಲಿಯೂ ತಡವರಿಸಲಿಲ್ಲ. "'ಶಸ್ತ್ರಚಿಕಿತ್ಸಾ ಪೂರ್ವದಲ್ಲಿ' ಅಂತ ಯಾರು ಮಾರಾಯ ಮಾತಾಡ್ತಾರೆ? 'ಆಪರೇಷನ್ನಿಗೆ ಮೂರು ದಿನ ಮೊದ್ಲು' ಅಂತ ಹಾಕು," ಎಂದು ಕನ್ನಡವನ್ನೂ ತಿದ್ದಿದರು. ಆಮೇಲೆ ಬಟ್ಟೆಗೆ ಗುರುತು ಹಾಕುವ ಪೆನ್ಸಿಲಿನಲ್ಲಿ ದೊಡ್ಡ ದೊಡ್ಡ ಕನ್ನಡ ಅಕ್ಷರಗಳಲ್ಲಿ ಕೊಂಕಣಿ ಬರೆಯಲು ಕೂತರು. ಸಾಲು ಓರೆಯಾದಾಗ ಅವನು ಬೆರಳಿಟ್ಟು ತೋರಿಸಿದ.

ತುಳು ಪುಟವನ್ನು ಅಮ್ಮ ಹೇಳಿ ಬರೆಸಿದರು. ಬ್ಯಾರಿಯದ್ದು ನಿಝಾರ್. ಡಾಕ್ಟರ ಸಹಿಯಾದ ಮೇಲೆ ಮೊದಲ ಪುಟದಲ್ಲಿ ಐದು ದೊಡ್ಡ ಬಟನುಗಳು ಬಂದವು. ಸೂಚನೆಗಳ ಕೆಳಗೆ ಒಂದರ ಬದಲು ಎರಡು: 'ಅರ್ಥವಾಗಿದೆ', 'ಅರ್ಥವಾಗಲಿಲ್ಲ, ಫೋನ್ ಮಾಡಿ'. ಹೆಸರುಗಳ ಪಟ್ಟಿಯನ್ನು ಪೃಥ್ವಿರಾಜ್ ಅಳಿಸಿಹಾಕಿದ.

ಮೇ ತಿಂಗಳ ಎರಡನೇ ಶನಿವಾರ ಡಾಲಿ ಬಾಯಿಯ ಸರದಿ ಮೊದಲನೆಯದು. ಒಂದು ಗಂಟೆಯಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಹೊರಗೆ ಬಂದು, ಎಸ್ತೆರಳ ಪಕ್ಕ ಮುಂದಿನ ಸಾಲಿನಲ್ಲೇ ಕೂತರು. ರಿಸೆಪ್ಷನಿನ ಹತ್ತಿರ ಜೂನ್ ತಿಂಗಳಿಗೆ ಹೆಸರು ಕೊಡಲು ಬಂದವರ ಸಾಲು. ಅದರಲ್ಲಿ ಬಿಳಿ ಟೋಪಿ, ಚೌಕುಳಿ ಲುಂಗಿಯ ಸುಲೈಮಾನ್ ಕಾಕ, ಎಪ್ಪತ್ತರ ಮೇಲಿನ ವಯಸ್ಸು. ಮೊಬೈಲನ್ನು ಪೃಥ್ವಿರಾಜನ ಕಡೆ ಚಾಚಿದರು.

"ಇದ್ರಲ್ಲಿ ಯಾವುದು ಒತ್ತುದು ಮೋನೆ?"

ಅವನ ಬೆರಳು ನೇರವಾಗಿ ಕೊನೆಯ ಬಟನಿಗೆ, 'ಬ್ಯಾರಿ'ಗೆ ಇಳಿಯಿತು. ಉಗುರಿನಷ್ಟು ಅಂತರದಲ್ಲಿ ನಿಂತಿತು.

"ನೀವೇ ಒತ್ತಿ ಕಾಕ. ನಿಮಗೆ ಓದ್ಲಿಕ್ಕೆ ಯಾವುದು ಸುಲಭವೋ ಅದು."

ಸುಲೈಮಾನ್ ಕಾಕ ಫೋನನ್ನು ಕೈಯುದ್ದ ದೂರ ಹಿಡಿದು ಐದನ್ನೂ ನೋಡಿ, ಇಂಗ್ಲಿಷ್ ಒತ್ತಿದರು. "ಮೂವತ್ತೆರಡು ವರ್ಷ ಫಾರಿನಲ್ಲಿದ್ದೆ, ದಮ್ಮಾಮಿನ ಬಂದರಿನ ಆಫೀಸಲ್ಲಿ. ಬ್ಯಾರಿ ನಂಗೆ ಮಾತಾಡ್ಲಿಕ್ಕೆ. ಓದ್ಲಿಕ್ಕೆ ಇದೇ ಅಭ್ಯಾಸ."

ಹೆಸರುಗಳ ಪಟ್ಟಿಯನ್ನು ಪೃಥ್ವಿರಾಜ್ ಅಳಿಸಿದ್ದು ಸೈಟಿನಿಂದ ಮಾತ್ರ. ಎದುರಿನ ಕುರ್ಚಿಯಿಂದ ಡಾಲಿ ಬಾಯಿ ಪಟ್ಟಿಯಿಲ್ಲದ ಕಣ್ಣಿನಿಂದ ಅವನನ್ನೇ ನೋಡುತ್ತಿದ್ದರು. ಅವನು ಆ ಬೆರಳನ್ನು ಮಡಚಿ, ಕೈಯನ್ನು ಜೇಬಿಗೆ ಹಾಕಿಕೊಂಡ. ಸುಲೈಮಾನ್ ಕಾಕ ತುಟಿ ಆಡಿಸುತ್ತಾ ಕೊನೆಯ ಸಾಲಿನವರೆಗೆ ಓದಿ ಮುಗಿಸುವ ತನಕ ಅಲ್ಲೇ, ಸುಮ್ಮನೆ ನಿಂತ.