ಓಡುವ ಹಗ್ಗ

ಆ ನಾಟಕಮಂದಿರದ ಮುಂದೆ ಹಾದುಹೋಗಬೇಕಾದಾಗಲೆಲ್ಲ ಅವಳು ಇನ್ನೊಂದು ಬೀದಿ ಹಿಡಿಯುತ್ತಿದ್ದಳು. ಪರದೆ ಹೊಲಿಯುವುದು ಅವಳ ಕಸುಬು. ಊರಿನ ಅರ್ಧ ಕಿಟಕಿಗಳಿಗೆ ಪರದೆ ಹೊಲಿದುಕೊಟ್ಟವಳು ಈ ಒಂದು ಕಟ್ಟಡದ ಕೆಲಸ ಬಂದಾಗ ಮಾತ್ರ ಏನಾದರೂ ನೆಪ ಹೇಳಿ ಜಾರಿಕೊಳ್ಳುತ್ತಿದ್ದಳು. ಈ ಸಲ ಅಂಗಡಿ ಯಜಮಾನ ಬಿಡಲಿಲ್ಲ. "ಹೋಗಿ ಅಳತೆ ತಗೊಂಡು ಬಾರಮ್ಮ, ನಿನ್ನನ್ನೇನು ಕುಣಿ ಅಂತಿದ್ದಾರಾ?" ಎಂದ. ಹೋದಳು.

ಅವಳಪ್ಪ ಸತ್ತದ್ದು ಅಲ್ಲೇ. ರಂಗದ ಪಕ್ಕದಲ್ಲಿ ನಿಂತು ಪರದೆಗಳ ಹಗ್ಗ ಎಳೆಯುವುದು ಅವನ ಕೆಲಸವಾಗಿತ್ತು. "ನಿಮ್ಮಪ್ಪ ಅಟ್ಟ ಹತ್ತಿ ಹಾರಿಕೊಂಡ್ರು" ಎಂದು ಅಮ್ಮ ಒಂದೇ ಒಂದು ಸಲ ಹೇಳಿ, ಊರಿನ ಇನ್ನೊಂದು ತುದಿಗೆ ಮನೆ ಬದಲಿಸಿ, ಬಾಯಿಗೆ ಬೀಗ ಹಾಕಿಕೊಂಡಳು. ತಂಗಿ ಆಗಿನ್ನೂ ತೊಟ್ಟಿಲಲ್ಲಿದ್ದಳು. ಇವಳು ಮಾತ್ರ ಲೆಕ್ಕ ಹಾಕುವಷ್ಟು ದೊಡ್ಡವಳು. ಆ ಬೆಳಿಗ್ಗೆ ಚಪ್ಪಲಿಗಾಗಿ ಹಟ ಹಿಡಿದು ಅತ್ತದ್ದು ತಾನೇ ಅಲ್ಲವೇ? ಅಪ್ಪನಿಗೆ ನಮ್ಮಲ್ಲಿ ಯಾರು ಸಾಕಾಗಿ ಹೋದರು? ಪ್ರಶ್ನೆ ಕೂತಲ್ಲೇ ಕೂತು ಮರಗಟ್ಟಿತ್ತು. ಹಲ್ಲು ಕೀಳಿಸಲು ಮದ್ದು ಚುಚ್ಚಿಸಿಕೊಂಡ ದವಡೆಯ ಹಾಗೆ, ಇದೆಯೆಂದು ಗೊತ್ತಾಗುತ್ತಿತ್ತು, ನೋಯುತ್ತಿರಲಿಲ್ಲ.

ಮಂದಿರ ನೋಡಿಕೊಳ್ಳುತ್ತಿದ್ದಾಕೆ ಹಳೆಯ ನಟಿ. ಬಂದವರಿಗೆ ಇತಿಹಾಸ ಬಡಿಸುವುದರಲ್ಲಿ ಎತ್ತಿದ ಕೈ.

"ಇದು ಮೊದಲು ಕುದುರೆ ಲಾಯ. ಆಮೇಲೆ ಗೋದಾಮು. ಆಮೇಲೆ ನಾವು ಬಂದ್ವಿ. ಕುದುರೆಗಳೇ ವಾಸಿ ಕಣಮ್ಮ, ಮಾತು ಮರೀತಿರಲಿಲ್ಲ!"

ಅಂಗೈಯಗಲದ ಸಭಾಂಗಣ. ಕಂಬಗಳಿಗೆ ಹೊಸ ಚಿನ್ನದ ಬಣ್ಣ, ಸೂರಿನಿಂದ ಸೋರುವ ನೀರಿಗೆ ಬಕೆಟ್. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಅವಳು ಕಾಟಾಚಾರಕ್ಕೆ ತಲೆಯಾಡಿಸುತ್ತ ರಂಗದ ಅಗಲ ಅಳೆದಳು. ಅಷ್ಟರಲ್ಲಿ ನಟಿ ಪಕ್ಕದ ಹಗ್ಗಗಳ ಹತ್ತಿರ ಕರೆದಳು.

"ಇಲ್ನೋಡು. ಪರದೆ, ಅದನ್ನ ಕಟ್ಟಿರೋ ದಿಮ್ಮಿ ಸಮೇತ ಮೇಲೆ ತೂಗುತ್ತೆ. ಅದರ ಭಾರಕ್ಕೆ ಸರಿಯಾಗಿ ಈ ಮರಳು ಮೂಟೆ. ಮೂಟೆ ಇದ್ರೆ ಮಗುವೂ ಹಗ್ಗ ಎಳೀಬಹುದು. ಮೂಟೆ ಕಳಚಿತೋ, ಪರದೆ ದಡಾರಂತ ಕೆಳಗೆ, ಹಗ್ಗ ಮೇಲಕ್ಕೆ. ಹಗ್ಗ ಓಡಿದ್ರೆ ಕೈ ಬಿಡು. ಇಲ್ಲಿ ಹೇಳಿಕೊಡೋ ಮೊದಲ ಪಾಠವೇ ಅದು."

"ಬಿಡದಿದ್ರೆ?"

"ಒಬ್ಬರು ಬಿಡಲಿಲ್ಲ." ನಟಿಯ ದನಿ ಇಳಿಯಿತು. "ತಾಲೀಮು ನಡೀತಿತ್ತು. ಯಾರೋ ಹೊಸಬ ಬೇರೆ ಮೂಟೆ ಬಿಚ್ಚೋ ಬದಲು ಇದನ್ನೇ ಬಿಚ್ಚಿಬಿಟ್ಟ. ದಿಮ್ಮಿ ಕೆಳಗೆ ನಾವು ಹುಡುಗೀರು ನಿಂತಿದ್ವಿ. ಎಲ್ಲರಿಗೂ ಆ ಪಾಠ ಹೇಳಿಕೊಟ್ಟೋರೇ ಹಗ್ಗಕ್ಕೆ ಜೋತುಬಿದ್ರು. ಅವರ ಭಾರಕ್ಕೆ ದಿಮ್ಮಿ ಸ್ವಲ್ಪ ನಿಧಾನ ಆಯ್ತು, ನಾವು ಓಡಿ ಬದುಕಿಕೊಂಡ್ವಿ. ಹಗ್ಗ ಅವರನ್ನ ಸೂರಿನವರೆಗೂ ಎಳ್ಕೊಂಡು ಹೋಯ್ತು. ತೊಲೆಗೆ ತಲೆ ಬಡಿದು ಬಿದ್ರು."

ಈ ಕಥೆಯನ್ನು ಎಷ್ಟು ಜನರಿಗೆ ಹೇಳಿದ್ದಳೋ, ಆದರೂ ಆಕೆಯ ಕಣ್ಣು ತುಂಬಿತು. ಮಗಳ ಕಣ್ಣು ಒಣಗಿಯೇ ಇತ್ತು. ನಾನು ಅವರ ಮಗಳು ಎನ್ನಲು ಬಾಯಿ ತೆರೆದವಳು, "ಎತ್ತರ ಅಳೀಬೇಕು, ಏಣಿ ಇದೆಯಾ?" ಎಂದಳು.

ಕೆಲಸ ಮುಗಿಸಿ ಮೆಟ್ಟಿಲ ಮೇಲೆ ಕೂತು ಅಮ್ಮನಿಗೆ ಫೋನ್ ಮಾಡಿದಳು. "ಅಮ್ಮಾ, ಅಪ್ಪ ಹಾರಿಕೊಂಡಿದ್ದಲ್ಲ" ಎಂದು ಶುರುಮಾಡಿ, ಕೇಳಿದ್ದನ್ನೆಲ್ಲ ಹೇಳಿದಳು. ಆ ಕಡೆ ನಲ್ಲಿ ನಿಲ್ಲಿಸಿದ ಸದ್ದಾಯಿತು.

"ಗೊತ್ತು" ಎಂದಳು ಅಮ್ಮ.

"ಗೊತ್ತಿತ್ತಾ? ಮತ್ತೆ ನಮಗ್ಯಾಕೆ ಹಾಗೆ ಹೇಳಿದೆ?"

"ಹಾರಿಕೊಂಡ್ರು ಅಂದ್ಕೊಂಡ್ರೆ, ಪಾಪ, ತಡೀಲಾರದ ಸಂಕಟ ಏನಿತ್ತೋ ಅಂತ ಕ್ಷಮಿಸಿಬಿಡಬಹುದು ಕಣೇ. ನಾನೂ ಅದನ್ನೇ ನಂಬೋಕೆ ನೋಡಿದೆ. ಆಗಲಿಲ್ಲ. ಹಗ್ಗ ಕೈಯಲ್ಲಿದ್ದಾಗ ಅವರಿಗೆ ಕೆಳಗಿದ್ದ ಹುಡುಗೀರು ಕಂಡ್ರು. ಮನೇಲಿದ್ದ ನೀವಿಬ್ಬರು ಕಾಣಲಿಲ್ವಾ?"

ಅಮ್ಮ ಅಳತೊಡಗಿದಳು. ಅಮ್ಮ ಅತ್ತದ್ದನ್ನು ಅವಳು ಕೇಳಿದ್ದು ಅದೇ ಮೊದಲು. ತನಗೂ ಅಳು ಬರಲಿ ಎಂದು ಫೋನನ್ನು ಕಿವಿಗೊತ್ತಿಕೊಂಡು ಕಾದಳು. ಬರಲಿಲ್ಲ.