ದೇವದೂತನ ಹಬ್ಬದ ಗೋಧಿ

ಬಾಗಿಲಲ್ಲಿ ನಿಂತಿದ್ದ ಝಾಗೊರ್ಕಳ ಕೈಯಲ್ಲಿ ಗೋಧಿಯ ತಟ್ಟೆ ಕಂಡ ಕೂಡಲೇ ತಿಹೋಮಿರ ಮೆಟ್ಟಿಲ ಮೇಲೆಯೇ ನಿಂತುಬಿಟ್ಟ.

ಬೇಯಿಸಿ, ರುಬ್ಬಿ, ಅಕ್ರೋಟು ಬೆರೆಸಿ, ಮೇಲೆ ಸಕ್ಕರೆ ಪುಡಿ ಉದುರಿಸಿದ ಗೋಧಿ. ನಟ್ಟನಡುವೆ ಒಂದು ಶಿಲುಬೆ.

"ತಗೋ ತಿಹೋ, ಒಂದು ಚಮಚ ಬಾಯಿಗೆ ಹಾಕ್ಕೊಂಡು ಒಳಗೆ ಬಾ," ಎಂದಳು ಝಾಗೊರ್ಕ. ಧಣಿ ಒಬ್ರಾದನನ್ನು ಮದುವೆಯಾಗಿ ಎಂಟು ತಿಂಗಳಾಗಿತ್ತು. ಹೊಟ್ಟೆಯಲ್ಲಿದ್ದ ಮಗುವಿಗೆ ಏಳು.

"ಅತ್ತಿಗೆ, ಈ ಗೋಧಿ ಯಾಕೆ?"

"ನಿಮ್ಮ ಧಣಿಗೆ ಖುಷಿಯಾಗ್ಲಿ ಅಂತ. ಬೇಗ ತಗೋ, ಕೈ ನೋಯ್ತಿದೆ."

ತಿಹೋಮಿರ ಚಮಚ ಎತ್ತಿ ತುಟಿಗೆ ತಾಗಿಸಿದಂತೆ ಮಾಡಿ, ಗೋಧಿಯನ್ನು ಕರವಸ್ತ್ರದೊಳಗೆ ಸುರಿದುಕೊಂಡ.

ಬೆಲ್‌ಗ್ರೇಡಿನಲ್ಲಿ ಪ್ರತಿ ಮನೆಗೂ ಒಬ್ಬ ಸಂತ, ಪ್ರತಿ ಸಂತನಿಗೂ ಒಂದು ಹಬ್ಬ. ಒಬ್ರಾದನ ಅಪ್ಪ ಕಮ್ಯುನಿಸ್ಟ್ ಪಕ್ಷದ ಕಾರ್ಯದರ್ಶಿಯಾಗಿದ್ದವನು, ಸಂತರನ್ನೆಲ್ಲ ಮನೆಯಿಂದ ಓಡಿಸಿದ್ದ. ಹಾಗಾಗಿ ಹತ್ತು ವರ್ಷದ ಹಿಂದೆ, ದಂಧೆ ಕೈಗೆ ಹತ್ತಿದ ಮೇಲೆ, ಒಬ್ರಾದ ತಾನೇ ಒಬ್ಬ ಸಂತನನ್ನು ಆರಿಸಿಕೊಂಡ: ದೇವದೂತ ಮಿಖಾಯಿಲ. ಕಾರಣ ಇಷ್ಟೇ, ಅವನ ಕೈಯಲ್ಲಿ ಕತ್ತಿ ಇತ್ತು. ಊಟದ ಮನೆಯ ಗೋಡೆಗೆ ಚಿತ್ರ ಬರೆದುಕೊಟ್ಟವನು ದೇವದೂತನಿಗೆ ಒಬ್ರಾದನ ಮೂಗನ್ನೇ ಇಟ್ಟಿದ್ದ. ಬೇರೆ ಮೂಗು ಇಟ್ಟಿದ್ದರೆ ಬರೆದವನ ಮೂಗು ಉಳಿಯುತ್ತಿರಲಿಲ್ಲ.

ಆಗ ಹಬ್ಬದ ಕಟ್ಟಳೆಗಳನ್ನು ಧಣಿಗೆ ಹೇಳಿಕೊಟ್ಟವನು ತಿಹೋಮಿರನೇ. ಅವನ ಅಜ್ಜಿಯ ಮನೆಯಲ್ಲೂ ಇದೇ ದೇವದೂತ. "ಧಣಿ, ಉಳಿದ ಸಂತರೆಲ್ಲ ಸತ್ತೋರು, ಅವರ ಹಬ್ಬಕ್ಕೆ ಗೋಧಿ ಬೇಯಿಸ್ತಾರೆ. ದೇವದೂತ ಸತ್ತೇ ಇಲ್ಲ. ಅವನ ಮನೇಲಿ ಗೋಧಿ ಬೇಯಿಸಿದ್ರೆ ಅದು ಮನೇಲಿ ಬೀಳೋ ಹೆಣಕ್ಕೆ," ಎಂದಿದ್ದ. ಒಬ್ರಾದ ಅದನ್ನು ಬಹಳ ಮೆಚ್ಚಿಕೊಂಡಿದ್ದ. ಹತ್ತು ವರ್ಷ ಈ ಬಾಗಿಲಲ್ಲಿ ಗೋಧಿ ಕಂಡಿರಲಿಲ್ಲ.

ಈಗ ಕಂಡಿತ್ತು. ಹೆಣ ಯಾರದೆಂದು ತಿಹೋಮಿರನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಹನ್ನೊಂದು ದಿನದ ಹಿಂದೆ ಝೆಮುನ್‌ನ ಕ್ಷೌರದಂಗಡಿಯೊಂದಕ್ಕೆ ಅವನನ್ನು ಕೆಲಸಕ್ಕೆ ಕಳಿಸಿದ್ದರು. ಎರಡನೇ ಕುರ್ಚಿಯಲ್ಲಿ ಕೂತವನನ್ನು ಮುಗಿಸಬೇಕಿತ್ತು; ಯಾವ ಕಡೆಯಿಂದ ಎರಡನೆಯದೆಂದು ಯಾರೂ ಹೇಳಿರಲಿಲ್ಲ. ಕುರ್ಚಿಯವನ ಮುಖದ ಮೇಲೆ ಬಿಸಿ ಟವೆಲು ಹೊದಿಸಿದ್ದರು. ತಿಹೋಮಿರ ಟವೆಲಿಗೇ ಮೂರು ಗುಂಡು ಹೊಡೆದ. ಬಿಳಿ ಬಟ್ಟೆ ಕೆಂಪಾಗಿ ಬಾಯಿಯ ಗುಂಡಿಯೊಳಗೆ ಇಳಿಯಿತು, ಕನ್ನಡಿಯ ತುಂಬ ಮಾಂಸದ ಚೂರು. ಟವೆಲು ಎತ್ತಿ ನೋಡಿದರೆ, ಉಳಿದಷ್ಟು ಮುಖ ಒಬ್ರಾದನ ಹಲ್ಲಿನ ಡಾಕ್ಟರದು. ಧಣಿಯ ಹೊಸ ಹಲ್ಲುಗಳ ಕೆಲಸ ಅರ್ಧಕ್ಕೆ ನಿಂತಿತು. ಅಂದಿನಿಂದ ಧಣಿ ಗಂಜಿ ಕುಡಿಯುತ್ತಿದ್ದ.

ಒಬ್ರಾದ ಕೂಗಾಡಲಿಲ್ಲ. "ಆಗ್ಲಿ ಬಿಡು," ಎಂದಷ್ಟೇ ಹೇಳಿದ. ಹಿಂದೊಮ್ಮೆ ಮಿಲ್ಕೊ ಎಂಬವನಿಗೂ ಹೀಗೇ "ಬಿಡು" ಅಂದಿದ್ದ. ಮಿಲ್ಕೊ ಸಾವಾ ನದಿಯಲ್ಲಿ ಎರಡು ಸೂಟ್‌ಕೇಸುಗಳಲ್ಲಿ ತೇಲಿಬಂದ. ಒಳ್ಳೆಯ ಚರ್ಮದ ಸೂಟ್‌ಕೇಸು.

ಈ ಹಬ್ಬಕ್ಕೆ ಯಾರನ್ನೂ ಕರೆಯುವುದಿಲ್ಲ, ಬಂದವರನ್ನು ಯಾರೂ ಹಿಂದಕ್ಕೆ ಕಳಿಸುವುದಿಲ್ಲ. ಮೇಜಿನ ಮೇಲೆ ಹಬ್ಬದ ಮೇಣದಬತ್ತಿ ಉರಿಯುವಷ್ಟು ಹೊತ್ತು ಅತಿಥಿಯ ಮೈಮೇಲೆ ಕೈ ಹಾಕುವಂತಿಲ್ಲ. ಕೊಲೆಗಾರರೂ ಈ ಮಾತಿಗೆ ತಪ್ಪಿದವರಲ್ಲ. ಬಾರದಿದ್ದರೆ ತಪ್ಪು ಒಪ್ಪಿಕೊಂಡಂತೆ. ಬತ್ತಿಯ ಧೈರ್ಯದ ಮೇಲೆಯೇ ತಿಹೋಮಿರ ಬಂದಿದ್ದು. ದೊಡ್ಡ ಪಿಸ್ತೂಲನ್ನು ಎಲ್ಲರಂತೆ ಬಾಗಿಲ ಬಳಿಯ ಬುಟ್ಟಿಯಲ್ಲಿ ಹಾಕಿದ, ಚಿಕ್ಕದನ್ನು ಎಲ್ಲರಂತೆ ಕಾಲುಚೀಲದಲ್ಲಿ ಉಳಿಸಿಕೊಂಡ.

ಊಟದ ಮನೆಯಲ್ಲಿ ಹದಿನಾಲ್ಕು ಜನ ಕೂತಿದ್ದರು. ಮಧ್ಯೆ ಇಡೀ ಹಂದಿ, ಬಾಯಲ್ಲಿ ಸೇಬು. ಪಾದ್ರಿ ಎಲೆಕೋಸಿನ ಸುರುಳಿಗಳನ್ನು ಒಂದೊಂದೇ ನುಂಗುತ್ತಿದ್ದ. ಧಣಿಯ ಬಲಗೈಯಂತಿದ್ದ ಕ್ರ್ಸ್ಮಾನ ತಿಹೋಮಿರನಿಗೆ ಜಾಗ ಬಿಟ್ಟ.

"ಏನೋ, ಮುಖ ಸುಣ್ಣ ಆಗಿದೆ? ಹಲ್ಲು ನೋವಾ?" ಎಂದ. "ಡಾಕ್ಟ್ರ ಹತ್ರ ಹೋಗು. ಓ, ಮರೆತೇಬಿಟ್ಟೆ!"

ಎಲ್ಲರೂ ಗೊಳ್ಳೆಂದು ನಕ್ಕರು. ನಗದವನು ತಿಹೋಮಿರನೊಬ್ಬನೇ.

ಮನೆ ಯಜಮಾನ ಈ ದಿನ ಕೂರುವಂತಿಲ್ಲ. ಒಬ್ರಾದ ನಿಂತೇ ಎಲ್ಲರಿಗೂ ಸಾರಾಯಿ ಬಗ್ಗಿಸುತ್ತ ಬಂದ. ತಿಹೋಮಿರನ ಲೋಟ ತುಂಬಿಸಿ, ಹೆಗಲ ಮೇಲೆ ಕೈಯಿಟ್ಟು ಕಿವಿಯ ಹತ್ತಿರ ಬಗ್ಗಿದ. ಹಲ್ಲಿಲ್ಲದ ಕಡೆಯಿಂದ ಗಾಳಿ ಸೋರುತ್ತಿತ್ತು.

"ಊಟ ಆದ್ಮೇಲೆ ಹಿತ್ತಿಲಿಗೆ ಬಾ. ನಾವಿಬ್ರೇ. ಜೀವನದಲ್ಲಿ ಒಂದೇ ಸಲ ಆಡೋ ಮಾತೊಂದಿದೆ."

ಒಬ್ರಾದ ಎದುರು ಬದಿಗೆ ಹೋಗಿ ಪಾದ್ರಿಯ ಲೋಟಕ್ಕೆ ಬಗ್ಗಿಸತೊಡಗಿದ. ಹಿತ್ತಿಲಲ್ಲಿ ಬತ್ತಿಯಿಲ್ಲ. ಹಿತ್ತಿಲು ಮನೆಯ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಯಾರಿಗೆ ಗೊತ್ತು? ತಿಹೋಮಿರ ಕಾಲು ಕೆರೆದುಕೊಳ್ಳುವವನಂತೆ ಬಗ್ಗಿದ.

ಮೊದಲ ಗುಂಡು ಮೇಜಿನ ಬಟ್ಟೆಯನ್ನು ಸುಟ್ಟುಕೊಂಡು ಒಬ್ರಾದನ ಹೊಟ್ಟೆಗೆ ಹೋಯಿತು. ಒಬ್ರಾದ ಬೇಸರಗೊಂಡವನಂತೆ ನೋಡಿದ. ಎರಡನೆಯದು ಗಂಟಲು ಸೀಳಿತು. ಪಾದ್ರಿಯ ಗಡ್ಡದ ಮೇಲೆ ರಕ್ತ ಚಿಮ್ಮಿತು. ಧಣಿ ಹಂದಿಯ ಮೇಲೆಯೇ ಬಿದ್ದ, ಸೇಬು ಉರುಳಿಹೋಯಿತು. ಕಾವಲಿನವನು ಹಾರಿಬಂದ, ತಿಹೋಮಿರ ಮಾಂಸದ ಮುಳ್ಳುಚಮಚವನ್ನು ಅವನ ಅಂಗೈಗೆ ಚುಚ್ಚಿ ಮೇಜಿಗೆ ಕೀಲಿಸಿದ. ಕಾವಲಿನವನ ಪಿಸ್ತೂಲಿನಿಂದ ತಪ್ಪಿ ಹಾರಿದ ಗುಂಡು ದೇವದೂತನ ಮೂಗನ್ನು ಒಯ್ದಿತು. ಹನ್ನೆರಡು ಕೈಗಳು ಹನ್ನೆರಡು ಕಾಲುಚೀಲಗಳಿಗೆ ಇಳಿದವು.

"ನಿಲ್ಸ್ರೋ!" ಕ್ರ್ಸ್ಮಾನ ಕಿರುಚಿದ. "ಬತ್ತಿ ಉರೀತಿದೆ!"

ಎಲ್ಲರೂ ಬತ್ತಿಯತ್ತ ನೋಡಿದರು. ಒಂದು ಗೇಣು ಉಳಿದಿತ್ತು.

"ಅವನು ಧಣೀನೇ ಹೊಡೆದ್ನಲ್ಲಣ್ಣಾ!" ಎಂದು ಕಾವಲಿನವನು ಅತ್ತ. ಅವನ ಕೈ ಇನ್ನೂ ಮೇಜಿಗೆ ಅಂಟಿತ್ತು.

"ಹೊಡೆದ. ಆದ್ರೆ ಕಟ್ಟಳೆ ಇರೋದು ಅತಿಥಿಗೆ. ಯಜಮಾನನ್ನ ಹೊಡೀಬಾರ್ದು ಅಂತ ಎಲ್ಲಾದ್ರೂ ಇದೆಯಾ, ಪಾದ್ರಿಗಳೇ?"

ಪಾದ್ರಿ ಗಡ್ಡ ಒರೆಸಿಕೊಂಡು ಯೋಚಿಸಿದ. "ಅದನ್ನ ಬರೀಬೇಕು ಅಂತ ಯಾರಿಗೂ ಅನ್ನಿಸಿರ್ಲಿಲ್ಲ."

"ಹಂಗಾದ್ರೆ ಕೂತ್ಕೋ ತಿಹೋ," ಎಂದ ಕ್ರ್ಸ್ಮಾನ ಮೃದುವಾಗಿ. "ಬತ್ತಿ ಇರೋವರ್ಗೂ ನೀನು ನಮ್ಮ ಅತಿಥಿ. ಮಾಂಸ ಬಡಿಸ್ಲಾ? ಧಣಿ ಬೀಳದೇ ಇರೋ ಕಡೆಯಿಂದ ಕೊಡ್ತೀನಿ."

ತಿಹೋಮಿರ ಕೂತ. ಒಬ್ಬೊಬ್ಬರಾಗಿ ಎದ್ದು ಹೋಗಿ, ಬುಟ್ಟಿಯಿಂದ ತಮ್ಮ ತಮ್ಮ ಪಿಸ್ತೂಲು ತಂದು, ತಟ್ಟೆಯ ಪಕ್ಕ ಇಟ್ಟುಕೊಂಡು ಊಟ ಮುಂದುವರಿಸಿದರು. ಯಾರೋ ಕಿಟಕಿ ತೆರೆದರು. ಬತ್ತಿ ತುಯ್ದಾಡಿತು. ತಿಹೋಮಿರ ಎರಡೂ ಅಂಗೈ ಅಡ್ಡ ಹಿಡಿದ.

"ನೀವೇ ಮೊದ್ಲು ಗೋಧಿ ಬೇಯಿಸಿದ್ದು," ಎಂದ. "ನನ್ನ ಹೆಣಕ್ಕೆ."

ಒಬ್ರಾದನನ್ನು ಮೇಜಿನಿಂದ ನೆಲಕ್ಕಿಳಿಸಿಕೊಂಡು ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಝಾಗೊರ್ಕ ಮುಖ ಎತ್ತಿದಳು. "ಯಾವ ಹೆಣ? ನಮ್ಮಪ್ಪನ ಮನೇಲಿ ಸಂತ ನಿಕೋಲನ ಹಬ್ಬಕ್ಕೆ ವರ್ಷಾ ವರ್ಷ ಗೋಧಿ ಮಾಡ್ತೀವಿ. ಇಲ್ಲಿ ಯಾರೂ ಮಾಡೋರಿಲ್ಲ ಪಾಪ ಅಂತ ಬೆಳಿಗ್ಗೆ ಎದ್ದು ನಾನೇ ರುಬ್ಬಿದೆ."

"ಮತ್ತೆ ಹಿತ್ತಿಲು?"

"ಈ ಮಗೂನ ಜ್ಞಾನಸ್ನಾನಕ್ಕೆ ಎತ್ಕೊಂಡು ಧರ್ಮತಂದೆ ಆಗು ಅಂತ ನಿನ್ನ ಕೇಳ್ಬೇಕು ಅಂತಿದ್ರು."

"ಆ ಡಾಕ್ಟ್ರು ಪೊಲೀಸ್ರಿಗೆ ಸುದ್ದಿ ಮುಟ್ಟಿಸ್ತಿದ್ದ ಕಣೋ," ಎಂದ ಕ್ರ್ಸ್ಮಾನ, ಮೂಳೆ ಚೀಪುತ್ತ. "ಹಲ್ಲು ಕೊರೆಯೋವಾಗ ಧಣಿ ಆಡಿದ್ದೆಲ್ಲ ಅಲ್ಲಿಗೆ ಹೋಗ್ತಿತ್ತು. ಮೊನ್ನೆ ಗೊತ್ತಾಯ್ತು. 'ತಿಹೋ ತಪ್ಪು ಮಾಡಿದ್ರೂ ಸರಿಯಾಗಿ ಮಾಡ್ತಾನೆ' ಅಂತ ನಿನ್ನೆಯಿಡೀ ನಕ್ಕಿದ್ರು ಪುಣ್ಯಾತ್ಮ."

ತಿಹೋಮಿರ ಬತ್ತಿಯನ್ನೇ ನೋಡುತ್ತಿದ್ದ. ಅಂಗೈ ಸುಡುತ್ತಿತ್ತು, ತೆಗೆಯಲಿಲ್ಲ. ಇಂಥ ಬತ್ತಿ ನಾಲ್ಕು ಗಂಟೆ ಉರಿಯುತ್ತದೆ, ಐದೂ ಉರಿಯಬಹುದು. ಐದು ಗಂಟೆಯಲ್ಲಿ ಏನು ಬೇಕಾದರೂ ಆಗಬಹುದು ಎಂದು ಎಣಿಸುತ್ತಿದ್ದ.

ಝಾಗೊರ್ಕ ಗಂಡನ ತಲೆಯನ್ನು ಮೆಲ್ಲಗೆ ನೆಲಕ್ಕಿಳಿಸಿ, ಹೊಟ್ಟೆ ಹಿಡಿದುಕೊಂಡು ಎದ್ದಳು. ಬಾಗಿಲಿಗೆ ಹೋಗಿ ಗೋಧಿಯ ತಟ್ಟೆ ತಂದು ತಿಹೋಮಿರನ ಮುಂದಿಟ್ಟಳು. ಆಮೇಲೆ ಗಂಡನಿಗೆಂದು ತುಂಬಿಸಿಟ್ಟಿದ್ದ ಕೆಂಪು ವೈನಿನ ಲೋಟ ಎತ್ತಿಕೊಂಡಳು.

"ಪಾದ್ರಿಗಳೇ, ಹಬ್ಬದ ಬತ್ತೀನ ಯಜಮಾನ ವೈನ್ ಹಾಕಿ ಆರಿಸ್ಬೇಕು ಅಲ್ವಾ?"

"ಹೌದಮ್ಮ. ಅದೇ ಪದ್ಧತಿ."

"ಯಜಮಾನ ಇಲ್ದಿದ್ರೆ?"

ಪಾದ್ರಿ ತನ್ನ ತಟ್ಟೆಯನ್ನು ಎದೆಗೆ ಅವಚಿಕೊಂಡು ಕುರ್ಚಿಯನ್ನು ಗೋಡೆಯವರೆಗೂ ಹಿಂದಕ್ಕೆ ಜರುಗಿಸಿದ.

"ಯಜಮಾನಿ," ಎಂದ.

ತಿಹೋಮಿರನ ಬೆರಳುಗಳ ಸಂದಿಯಿಂದ ವೈನು ತಣ್ಣಗೆ ಇಳಿಯಿತು.