ಅತ್ತೆ ಗೋಡೆಗೆ ಹೇಳಿದ್ದು

ಝರಾಸಂಗಂ ಕಡೆಯ ಆ ಹಳ್ಳಿಯಲ್ಲಿ ಅತ್ತೆಯಾದವಳು ಅಳಿಯನೊಂದಿಗೆ ನೇರ ಮಾತಾಡುವಂತಿಲ್ಲ. ಸೆರಗು ಹೊದ್ದು ಪಕ್ಕದ ಗೋಡೆಗೋ ಎಮ್ಮೆಗೋ ಹೇಳಬೇಕು, ಅಳಿಯ ಕೇಳಿಸಿಕೊಳ್ಳಬೇಕು.

ಗುತ್ತಿಗೆದಾರ ದೇವಿದಾಸ ಈ ಪದ್ಧತಿಯನ್ನೇ ನೆಚ್ಚಿಕೊಂಡು ಹೆಂಡತಿಯ ತವರೂರಲ್ಲಿ ಅಂಗನವಾಡಿ ಕಟ್ಟುವ ಕೆಲಸ ಹಿಡಿದಿದ್ದ. ಕೆಲಸದ ಮೇಲೆ ಕಣ್ಣಿಡುವ ಊರಿನ ಸಮಿತಿಗೆ ಅತ್ತೆ ಈಶಮ್ಮನೇ ಅಧ್ಯಕ್ಷೆ. ಆಕೆ ಸಹಿ ಹಾಕಿದರೆ ಬಿಲ್ಲಿನ ಹಣ. ಎದುರಿಗೇ ನಿಲ್ಲದ ಅತ್ತೆ ಏನು ತಾನೇ ಕೇಳಿಯಾಳು? ಜಾಣ ಅಂದರೆ ಜಾಣ!

ಈಶಮ್ಮನಿಗೆ ಮಾತ್ರ ಒಳಗೊಳಗೇ ಸಂಕಟ. ಅಂಗನವಾಡಿಯ ಗೋಡೆಯನ್ನು ಬೆರಳಿಂದ ಕೆರೆದರೆ ಮರಳು ಉದುರುತ್ತಿತ್ತು. ಅದಕ್ಕೆ ಹಾಕಿದ ಸಿಮೆಂಟು ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಸಹಿ ಹಾಕಿದರೆ ಊರ ಕೂಸುಗಳ ತಲೆಯ ಮೇಲೆ ಕಲ್ಲು. ಹಾಕದಿದ್ದರೆ, ಎರಡನೆಯ ಬಾಣಂತನಕ್ಕೆ ಬಂದಿದ್ದ ಮಗಳು ಸ್ವರೂಪಾಳನ್ನು ಇವನು ಇಲ್ಲೇ ಬಿಟ್ಟುಬಿಟ್ಟರೆ?

ಊರ ಜನರಿಗೆ ಕೆಲಸ ತೋರಿಸುವ ದಿನ ಬಂತು. ದೇವಿದಾಸ ಇಸ್ತ್ರಿ ಅಂಗಿ ತೊಟ್ಟು ಬಂದ. ಈಶಮ್ಮ ಸೆರಗೆಳೆದುಕೊಂಡು ಸೀದಾ ಗೋಡೆಯ ಮುಂದೆ ನಿಂತಳು.

"ಏ ಗ್ವಾಡಿ, ನಿನಗ ಸಿಮೆಂಟ್ ಹಾಕ್ಯಾರೇನ, ಬರೇ ತೋರಿಸ್ಯಾರೇನ?"

ಜನ ಗೊಳ್ಳೆಂದು ನಕ್ಕರು. ದೇವಿದಾಸನ ಕಿವಿ ಬಿಸಿಯಾಯಿತು. ಅತ್ತೆಗೆ ಎದುರಾಡುವಂತಿಲ್ಲ; ಅವನೂ ಗೋಡೆಯ ಕಡೆಗೇ ತಿರುಗಿದ.

"ಗ್ವಾಡಿ, ನಿನ್ನಂಥಾವು ನಾರಾಯಣಖೇಡದಾಗ ಭಾಳ ಕಟ್ಟೀನಿ. ಒಂದೂ ಬಿದ್ದಿಲ್ಲ."

"ಹೌದೇನ ಗ್ವಾಡಿ?" ಅಂದಳು ಈಶಮ್ಮ. "ಹಂಗಾರ ಇವರ ದೊಡ್ಡ ಮಗಳಿಗಿ ನಾಳಿಂದ ನಿನ್ನ ಬುಡದಾಗೇ ಕೂಡಸ್ತೀನಿ. ಬಾಣಂತನ ಮುಗಿಯೋತನಕ ಆಕಿ ನನ್ನ ಮನ್ಯಾಗೇ ಇರ್ತಾಳಲಾ? ನೀ ಗಟ್ಟಿ ಇದ್ರ ನನಗ್ಯಾಕ ಅಂಜಿಕಿ?"

ಅಜ್ಜಿಯ ಮಾತು ಕೇಳಿ ಹಿಗ್ಗಿದ ಮೊಮ್ಮಗಳು ಅರ್ಪಿತಾ ಓಡಿಬಂದು ಗೋಡೆಗೆ ಬೆನ್ನುಕೊಟ್ಟು ಕೂತಳು. ಆ ಗೋಡೆಯ ಹೊಟ್ಟೆಯಲ್ಲಿ ಏನಿದೆಯೆಂದು ದೇವಿದಾಸನಷ್ಟು ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ.

"ಅರ್ಪಿತಾ, ಏಳು! ದೂರ ಸರಿ!" ಎಂದು ಚೀರಿಯೇಬಿಟ್ಟ.

ನಗು ನಿಂತಿತು. ಮತ್ತೆ ಯಾರೂ ಏನೂ ಕೇಳಬೇಕಾಗಲಿಲ್ಲ. ದೇವಿದಾಸ ಮಗಳನ್ನು ಎತ್ತಿ ದೂರ ನಿಲ್ಲಿಸಿದ, ತಲೆ ತಗ್ಗಿಸಿ ಹಾರೆ ತೆಗೆದುಕೊಂಡ. ಎರಡೇ ಏಟಿಗೆ ಗೋಡೆ ಕುಸಿದು ಧೂಳೆದ್ದಿತು. ಈಶಮ್ಮನಿಗೆ ಅಳಿಯನ ಮೇಲೆ ಅಯ್ಯೋ ಎನ್ನಿಸಿತು. ಏನೋ ಹೇಳಬೇಕೆಂದು ತಿರುಗಿದರೆ ಹೇಳಲು ಗೋಡೆಯೇ ಇಲ್ಲ. ಸೆರಗು ಸರಿಸಿ, ಮಗಳ ಮದುವೆಯಾದಾಗಿನಿಂದ ಮೊದಲ ಸಲ ಅವನ ಮುಖ ನೋಡಿ ಅಂದಳು:

"ಉಂಡು ಹೊಸಾದು ಕಟ್ಟರಿ, ಅಳಿಯಂದ್ರ. ಹಸದ ಹೊಟ್ಟೀಲೆ ಕಟ್ಟಿದ್ದೂ ನಿಂದ್ರೂದಿಲ್ಲ."